ತಡೆ ಇರುವುದೆಲ್ಲಿ?

ಮನೆಯ ಗೋಡೆಯೊಳಗೆ ಹಾಯ್ದುಹೋಗುವ ತಾಮ್ರದ ತಂತಿಯು ವಿದ್ಯುತ್ಪ್ರವಾಹಕ್ಕೆ ಅಲ್ಪಸ್ವಲ್ಪ ತಡೆಯನ್ನೊಡ್ಡುವುದೆಂಬುದು ವಾಚಕಮಹಾಶಯರಿಗೆ ತಿಳಿದ ಸಂಗತಿಯೇ. ಈ ತಡೆಗೆ ಪದಾರ್ಥವಿಜ್ಞಾನದಲ್ಲಿ ರೋಧವೆಂದು ಹೆಸರು. ಅದನ್ನಳೆಯುವ ಮಾನವು ಓಮ್. ತಂತಿಯು ಇಮ್ಮಡಿ ಉದ್ದವಾದರೆ ರೋಧವೂ ಇಮ್ಮಡಿಯಾಗುವುದು, ಅರ್ಧವಾದರೆ ಅರ್ಧವಾಗುವುದು. ವಿದ್ಯುತ್ಕಣಗಳಾದ ಎಲೆಕ್ಟ್ರಾನುಗಳು ಮಾರ್ಗದಲ್ಲಿ ಪದೇ ಪದೇ ಎಡವುತ್ತ ಸಾಗುವುದೇ ಇದಕ್ಕೆ ಕಾರಣವೆಂದು ಜರ್ಮನಿಯ ಪಾಲ್ ಡ್ರೂಡೆಯವರು 1900ರಲ್ಲಿ ವಿವರಿಸಿದರು.

ಹಾಗಾದರೆ, ಎಲೆಕ್ಟ್ರಾನು ಒಂದು ಸಲವೂ ಎಡವದಷ್ಟು ಗಿಡ್ಡಾದ ತಂತಿಯೊಂದು ದೊರೆತರೆ ಅದರ ರೋಧವೆಷ್ಟು? ಸೊನ್ನೆಯೆಂದೇ ಮೇಲ್ನೋಟಕ್ಕೆ ತೋರುವುದು. ಇದು ಬರಿಯ ಶುಷ್ಕತರ್ಕವಲ್ಲ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗಕ್ಕೆ ನ್ಯಾನೋಮೀಟರೆಂದು ಹೆಸರು. ನಮ್ಮ ಮನೆಗಳ ಉಷ್ಣತೆಯಲ್ಲಿ, ತಾಮ್ರದೊಳಗಿನ ಎಲೆಕ್ಟ್ರಾನು ಒಮ್ಮೆ ಎಡವಿ ಮತ್ತೊಮ್ಮೆ ಎಡವುವುದರೊಳಗಾಗಿ ಸುಮಾರು 40 ನ್ಯಾನೋಮೀಟರು ದೂರ ಕ್ರಮಿಸುತ್ತದೆ. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಇರುವ ಮೊಬೈಲ್ ಫೋನಿನ ಒಳಗಣ ಸೂಕ್ಷ್ಮಭಾಗಗಳು ಇಂತಹ ಅಳತೆಗಳಿಗೇ ಇಳಿದಿವೆ.

ಈ ಪ್ರಶ್ನೆಯನ್ನು ಬಿಡಿಸಲು ದಾರಿ ತೋರಿದವರು ರಾಲ್ಫ್ ಲಾಂಡಾವರರು. 1927ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಜನಿಸಿ, ನಾಜಿಗಳ ಆಳ್ವಿಕೆಯ ಕಾಲದಲ್ಲಿ, 1938ರಲ್ಲಿ, ಅಮೆರಿಕೆಗೆ ಬಂದು ಸೇರಿದ ಇವರು ಮುಂದೆ ಐ. ಬಿ. ಎಂ. ಸಂಸ್ಥೆಯಲ್ಲಿ ಸಂಶೋಧಕರಾದರು. ಎಲೆಕ್ಟ್ರಾನಿಗೆ ಕಣದ ಗುಣವಿರುವಂತೆ ಅಲೆಯ ಗುಣವೂ ಉಂಟಷ್ಟೆ. ಆ ಅಲೆಯು ಎಷ್ಟು ಪಾಲು ಆಚೆಗೆ ದಾಟುವುದು, ಎಷ್ಟು ಪಾಲು ತಿರುಗಿ ಬರುವುದು ಎಂಬುದರಿಂದಲೇ ರೋಧವನ್ನು ಗಣಿಸಬಹುದೆಂದು ಅವರು 1957ರಲ್ಲಿ ಪ್ರತಿಪಾದಿಸಿದರು.

ಆದರೆ ಅಲೆಯೆಲ್ಲವೂ ನಿರಾತಂಕವಾಗಿ ದಾಟಿದಾಗ ಏನಾಗುವುದು? 1980ರ ದಶಕದಲ್ಲಿ ಈ ವಿಷಯವಾಗಿ ವಿದ್ವಾಂಸರೊಳಗೆ ದೊಡ್ಡ ವಿವಾದವೆದ್ದಿತು. ಲಾಂಡಾವರರ ಮೊದಲ ಸೂತ್ರದಂತೆ ರೋಧವು ಸೊನ್ನೆ. ಬೇರೆ ಕೆಲವರ ಸೂತ್ರದಂತೆ ಸೊನ್ನೆಯಲ್ಲ. ಗಣಿತದಲ್ಲಿ ಎರಡು ಪಕ್ಷಗಳಲ್ಲಿಯೂ ದೋಷ ಕಾಣಲಿಲ್ಲ. ಆಗ ಇಸ್ರೇಲಿನ ಯೋಸೆಫ್ ಇಮ್ರಿಯವರು 1986ರಲ್ಲಿ ಇದರ ಮರ್ಮವನ್ನು ಬಿಡಿಸಿ ಹೇಳಿದರು: ಉಳಿದಿರುವ ರೋಧವು ತಂತಿಯ ಒಡಲಿನಲ್ಲಿಲ್ಲ, ಅದರ ಎರಡು ಬಾಗಿಲುಗಳಲ್ಲಿದೆ!

ಜಾತ್ರೆಯ ದಿನ ವಿಶಾಲವಾದ ಬಯಲಿನಿಂದ ದೇವಸ್ಥಾನದ ಇಕ್ಕಟ್ಟಾದ ಓಣಿಗೆ ಜನರು ನುಗ್ಗುವುದನ್ನು ನೆನೆಯೋಣ. ಓಣಿಯೊಳಗೆ ಕಾಲಿಟ್ಟವನು ಸುಖವಾಗಿ ನಡೆದುಹೋಗುವನು. ನೂಕುನುಗ್ಗಲೆಲ್ಲವೂ ಬಾಗಿಲ ಮುಂದೆ. ಎಲೆಕ್ಟ್ರಾನುಗಳ ಪಾಡೂ ಹೀಗೆಯೇ. ವೀಣೆಯ ತಂತಿಯು ಒಂದು, ಎರಡು, ಮೂರು ಎಂದು ಪೂರ್ಣಸಂಖ್ಯೆಯ ಉಬ್ಬುಗಳಾಗಿ ಕಂಪಿಸುವುದೇ ಹೊರತು ಒಂದೂವರೆ ಉಬ್ಬೆಂಬುದಿಲ್ಲ. ಹಾಗೆಯೇ ಕಿರಿದಾದ ದಾರಿಯ ಅಗಲದಲ್ಲಿಯೂ ಅಲೆಗಳು ಪೂರ್ಣಸಂಖ್ಯೆಯ ಸಾಲುಗಳಾಗಿಯೇ ಹಿಡಿಯಬೇಕು. ಒಂದೊಂದು ಸಾಲು ಸಾಗಿಸಬಲ್ಲ ಪ್ರವಾಹಕ್ಕೂ ಮಿತಿಯುಂಟು. ಹೊರಗಿನ ಅಗಲವಾದ ಲೋಹದಲ್ಲಿ ಸಾಲುಗಳು ಅಸಂಖ್ಯಾತ, ಒಳಗೆ ಕೆಲವೇ. ಆದುದರಿಂದ ಬಾಗಿಲಲ್ಲಿ ತಡೆ.

ಇದಾದ ಎರಡು ವರ್ಷಗಳಿಗೆ, 1988ರಲ್ಲಿ, ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರೂ ಫಿಲಿಪ್ಸ್ ಸಂಸ್ಥೆಯವರೂ ಕೂಡಿ ಒಂದು ಕಡೆ, ಇಂಗ್ಲೆಂಡಿನ ಕೇಂಬ್ರಿಜ್ಜಿನವರು ಇನ್ನೊಂದು ಕಡೆ, ಈ ಸಾಲುಗಳನ್ನು ಪ್ರಯೋಗದಿಂದ ಕಂಡರು. ಗ್ಯಾಲಿಯಂ ಆರ್ಸೆನೈಡ್ ಎಂಬ ಹರಳನ್ನು ಒಂದು ಕೆಲ್ವಿನ್‌ಗಿಂತಲೂ ಕೆಳಗೆ ತಣ್ಣಗಾಗಿಸಿ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ದಾರಿಯೊಂದನ್ನು ಅದರಲ್ಲಿ ರಚಿಸಿ, ಅದನ್ನು ಮೆಲ್ಲಮೆಲ್ಲನೆ ಅಗಲಿಸುತ್ತ ಬಂದರು. ರೋಧವು ಸಮನಾಗಿ ಇಳಿಯಲಿಲ್ಲ, ಮೆಟ್ಟಿಲುಮೆಟ್ಟಿಲಾಗಿ ಇಳಿಯಿತು. ಒಂದು ಸಾಲಿಗೆ ಸುಮಾರು 12,906 ಓಮ್, ಎರಡಕ್ಕೆ 6,453, ಮೂರಕ್ಕೆ 4,302. ಇಲ್ಲಿ ಹರಳಿನ ಜಾತಿಗಾಗಲಿ ಆಕಾರಕ್ಕಾಗಲಿ ಪ್ರಾಧಾನ್ಯವಿಲ್ಲ. ಎಲೆಕ್ಟ್ರಾನಿನ ವಿದ್ಯುದಂಶ, ಪ್ಲಾಂಕರ ನಿಯತಾಂಕ ಇವೆರಡರಿಂದಲೇ ಈ ಸಂಖ್ಯೆಗಳು ಹುಟ್ಟುತ್ತವೆ.

ಹಾಗಾದರೆ ಸೊನ್ನೆಯೆಂದವರು ಸೋತರೆ? ಅದೂ ಇಲ್ಲ. 2001ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯವರು, ಹೊರತುದಿಗಳಲ್ಲದೆ ತಂತಿಯ ನಡುವೆಯೂ ಎರಡು ಕಡೆ ಅಳೆಯುವ ಏರ್ಪಾಡನ್ನು ಮಾಡಿದರು. ಹೊರಗಿನಿಂದ ಅಳೆದರೆ ಬಾಗಿಲುಗಳ ರೋಧವು ಕಂಡಿತು. ಒಳಗೆ ಅಳೆದರೆ ರೋಧವು ಇಲ್ಲವೆನ್ನುವಂತಾಯಿತು. ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು, ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದು. ಇಮ್ರಿಯವರ ಮಾತು ಅಂತಹ ದೀಪವಾಯಿತು. ಇಬ್ಬರು ವಾದಿಗಳೂ ಸರಿಯೇ; ಅವರು ಉತ್ತರ ಕೊಟ್ಟ ಪ್ರಶ್ನೆಗಳು ಮಾತ್ರ ಬೇರೆ ಬೇರೆ.

ಇದರ ಪ್ರಯೋಜನವೇನೆಂದು ಕೇಳುವವರೂ ಉಂಟು. ತಂತಿಯನ್ನು ಎಷ್ಟೇ ಗಿಡ್ಡಗೊಳಿಸಿದರೂ, ಎಷ್ಟೇ ಶುದ್ಧಗೊಳಿಸಿದರೂ ಬಾಗಿಲ ರೋಧವು ಹೋಗದು. ಅದರಿಂದ ಹುಟ್ಟುವ ಬಿಸಿಯೂ ತಂತಿಯಲ್ಲಿ ಅಲ್ಲ, ಅದರ ಆಚೀಚೆಯ ಅಗಲವಾದ ಲೋಹದಲ್ಲಿ ತೋರುವುದು. ಸೂಕ್ಷ್ಮಯಂತ್ರಗಳನ್ನು ಇನ್ನೂ ಕಿರಿದುಮಾಡಹೊರಟವರು ಈ ಮಾತನ್ನು ಮರೆಯುವಂತಿಲ್ಲ. ಮನೆಯಲ್ಲಿ ವಿಜ್ಞಾನವನ್ನೋದುವ ಮಕ್ಕಳಿಗೆ ಇದರಿಂದ ಇನ್ನೊಂದು ಪಾಠವೂ ಉಂಟೆಂದು ನಾವು ಭಾವಿಸುತ್ತೇವೆ. ಒಂದೇ ಪ್ರಶ್ನೆಗೆ ಇಬ್ಬರು ಬಲ್ಲವರು ಎರಡು ಉತ್ತರ ಕೊಟ್ಟಾಗ, ಯಾರು ತಪ್ಪಿದರೆಂದು ಹುಡುಕುವುದಕ್ಕೆ ಮೊದಲು, ಯಾರು ಎಲ್ಲಿ ನಿಂತು ಅಳೆದರೆಂದು ವಿಚಾರಿಸುವುದು ಲೇಸು.