ಮಕ್ಕಳ ಶೂ ಹೋಲ್‌ಸೇಲ್ ಖರೀದಿ: ರೇಟ್ ಕೇಳುವ ಮೊದಲು ಸೋಲ್ ಬಗ್ಗಿಸಿ ನೋಡಿ

ಶಾಲೆ ಶುರುವಾಗುವ ಹೊತ್ತಿಗೆ ತಾಲ್ಲೂಕಿನ ಚಪ್ಪಲಿ ಅಂಗಡಿಗಳಿಗೆ ಎರಡು ಮೂರು ವಾರ ಪುರುಸೊತ್ತೇ ಇರಲ್ಲ. ಆದರೆ ಆ ವ್ಯಾಪಾರದ ಲಾಭ-ನಷ್ಟ ತೀರ್ಮಾನ ಆಗೋದು ಅದಕ್ಕೂ ಮೊದಲೇ, ಹೋಲ್‌ಸೇಲ್ ಅಂಗಡಿಯಲ್ಲಿ ಡಬ್ಬ ಬಿಚ್ಚಿ ನೋಡುವಾಗ.

ಪಳಗಿದ ಖರೀದಿದಾರರು ಮೊದಲು ಕೈ ಹಾಕೋದು ಸೋಲ್‌ಗೆ. ಬಗ್ಗಿಸಿದರೆ ಶೂ ಬೆರಳುಗಳ ಬುಡದ ಹತ್ತಿರ ಮಡಚಬೇಕು. ಸರಿಯಾಗಿ ನಡುವಿಗೇ ಮಡಚಿದರೆ ಮಗುವಿನ ಪಾದಕ್ಕೆ ಆಧಾರ ಸಿಗಲ್ಲ. ಹಲಗೆ ಥರ ಬಗ್ಗದೇ ಇದ್ದರೆ ಅದೂ ಬೇಡ. ಹಾಗೆ ಬಗ್ಗಿಸಿ ಹಿಡಿದಾಗ ಸೋಲ್‌ಗೂ ಮೇಲ್ಭಾಗಕ್ಕೂ ಮಧ್ಯೆ ಸಣ್ಣ ಸಂದು ಕಂಡರೂ ಆ ಲಾಟ್ ಬಿಡೋದು ಒಳ್ಳೇದು. ಶೂ ಬಾಯಿ ಬಿಡೋದು ಅಲ್ಲಿಂದಲೇ.

ಸೋಲ್ ಯಾವುದು ಅನ್ನೋದೂ ಮುಖ್ಯ. ಪಿವಿಸಿ ಅಗ್ಗ, ಆದರೆ ಭಾರ. ಇವಿಎ ಹಗುರ, ಬೇಗ ಸವೆಯುತ್ತೆ. ಪಿಯು ಹಗುರ, ಮೆತ್ತಗೆ, ಗಿರಾಕಿಗಳಿಗೆ ಇಷ್ಟ. ಅಂಗಡಿಯವರು ಏಮಾರೋದೂ ಇದರಲ್ಲೇ. ಗಾಳಿಯ ತೇವಕ್ಕೆ ಪಿಯು ವರ್ಷ ಕಳೆದಂತೆ ಒಳಗೊಳಗೇ ಹಾಳಾಗುತ್ತೆ. ಗೋಡೌನ್‌ನಲ್ಲಿ ಮೂರ್ನಾಲ್ಕು ಮಳೆಗಾಲ ಕಂಡ ಮಾಲು ನೋಡೋಕೆ ಹೊಸದೇ. ಮಗು ನಾಲ್ಕು ದಿನ ಓಡಾಡಿದರೆ ಒಣ ರೊಟ್ಟಿ ಥರ ಪುಡಿಪುಡಿ. ಅರ್ಧ ರೇಟ್‌ಗೆ ಬರುವ ಸ್ಟಾಕ್‌ನ ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ಓದಲೇಬೇಕು. ಅದು, ತಯಾರಕರ ವಿಳಾಸ, ಎಂಆರ್‌ಪಿ ಮುದ್ರಿಸಿರಬೇಕು ಅನ್ನೋದು ಕಾನೂನು. ಇಲ್ಲದ ಮಾಲು ಎಷ್ಟೇ ಅಗ್ಗವಾದರೂ ತಲೆನೋವು.

ಇನ್ನು ಸೈಜ್. ಮಕ್ಕಳ ನಂಬರ್ 13ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತೆ. ಹೊಸದಾಗಿ ಅಂಗಡಿ ಇಟ್ಟವರು ಆರ್ಡರ್ ಬರೆಯುವಾಗ ಇಲ್ಲೇ ಗೊಂದಲ ಮಾಡ್ಕೊಳ್ತಾರೆ. ಒಂದು ನಂಬರ್‌ಗೂ ಮುಂದಿನದಕ್ಕೂ ವ್ಯತ್ಯಾಸ ಸುಮಾರು 8.5 ಮಿ.ಮೀ. ಯುರೋಪ್ ನಂಬರ್ ಆದರೆ 6.7 ಮಿ.ಮೀ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆಯಾಗೋದರಿಂದ ನಂಬರ್ ನಂಬದೆ ಒಳಗೆ ಕಡ್ಡಿ ಇಟ್ಟು ಅಳೆಯೋದೇ ವಾಸಿ. ಸೆಟ್ ಲೆಕ್ಕದಲ್ಲಿ ತಗೊಂಡರೆ ನಡುವಿನ ಸೈಜ್‌ಗಳು ಮೊದಲು ಖಾಲಿ, ಎರಡು ತುದಿಯವು ಕಪಾಟಿನಲ್ಲೇ. ದುಡ್ಡು ಅಲ್ಲೇ ಕೂತುಬಿಡುತ್ತೆ. ಬಿಡಿ ಸೈಜ್ ಕೊಡುವ ಹೋಲ್‌ಸೇಲರ್‌ಗೆ ಜೋಡಿಗೆ ಐದು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಸರ್ಕಾರಿ ಶಾಲೆಗಳಿಗೆ ಪೂರೈಸುವವರ ಲೆಕ್ಕ ಇನ್ನೂ ಬಿಗಿ. ವಿದ್ಯಾವಿಕಾಸ ಯೋಜನೆಯಲ್ಲಿ ಶೂ ಖರೀದಿಸೋದು ಎಸ್‌ಡಿಎಂಸಿ. 2022-23ರಲ್ಲಿ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್‌ಗೆ 1ರಿಂದ 5ನೇ ತರಗತಿಗೆ 265, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ ನಿಗದಿಯಾಗಿತ್ತು. ಇಷ್ಟರಲ್ಲೇ ಸಾಗಾಟ, ಮಾರ್ಜಿನ್ ಎಲ್ಲ ಬರಬೇಕು ಅಂದಾಗ ಸೋಲ್ ತೆಳ್ಳಗೆ ಮಾಡುವ ಆಸೆ ಹುಟ್ಟೋದು ಸಹಜ. ಹಾಗಾಗಿ ಸ್ಯಾಂಪಲ್ ಒಂದು, ಬರುವ ಮಾಲು ಇನ್ನೊಂದು ಆಗದಂತೆ ಒಪ್ಪಿಕೊಂಡ ಸ್ಯಾಂಪಲ್ ಜೋಡಿಯನ್ನು ಸಮಿತಿ ತನ್ನ ಬಳಿಯೇ ಇಟ್ಟುಕೊಳ್ಳಬೇಕು, ಲೋಡ್ ಇಳಿದಾಗ ಪಕ್ಕಕ್ಕಿಟ್ಟು ತೂಕ ಹಾಕಬೇಕು.

ಬಿಲ್ ಕಡೆಗೂ ಒಂದು ಕಣ್ಣಿರಲಿ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5. ಮೊದಲು 1,000 ರೂಪಾಯಿವರೆಗಿನದಕ್ಕೆ ಶೇ 12 ಇತ್ತು. ಅಂದರೆ 300 ರೂಪಾಯಿ ಮೂಲಬೆಲೆಯ ಶೂ 336ರ ಬದಲು 315ಕ್ಕೆ ಬೀಳಬೇಕು. ಇನ್ನೂ ಹಳೇ ದರದಲ್ಲೇ ಬಿಲ್ ಬರೆಯುವವರಿದ್ದರೆ ಅಲ್ಲೇ ಕೇಳಬೇಕು. ಹರಿದ ಜೋಡಿ, ಬದಲಾದ ಸೈಜ್ ಎಷ್ಟು ದಿನದೊಳಗೆ ವಾಪಸ್ ಅನ್ನೋದನ್ನೂ ಅದೇ ಬಿಲ್ ಮೇಲೆ ಬರೆಸಿಕೊಳ್ಳಬೇಕು.