ಫ್ಲ್ಯಾಶ್ ಕ್ಯಾಮೆರಾದಿಂದ ಕೆಳಗಿಳಿಯಲಿ: ಮೊದಲ ಟ್ರಿಗರ್ ಆರಿಸೋದು ಹೇಗೆ?

ಕಡೂರು, ತರೀಕೆರೆ, ಅಜ್ಜಂಪುರ ಕಡೆ ಹೊಸದಾಗಿ ಮದುವೆ ಫೋಟೋಗ್ರಫಿಗೆ ಇಳಿದಿರೋ ಹುಡುಗರು ನನ್ನನ್ನ ಕೇಳೋ ಪ್ರಶ್ನೆ ಒಂದೇ: 'ಅಣ್ಣಾ, ಯಾವ ಟ್ರಿಗರ್ ತಗೊಳ್ಳಲಿ?' ಇವತ್ತಿನ ಸಂಚಿಕೆ ಅದರ ಬಗ್ಗೆನೇ. ಆದ್ರೆ ಮೊದಲು ನಾನು ಮಾಡ್ಕೊಂಡ ಒಂದು ಎಡವಟ್ಟು ಹೇಳ್ತೀನಿ.

ತರೀಕೆರೆ ಹತ್ತಿರದ ಒಂದು ಕಲ್ಯಾಣ ಮಂಟಪ. ನಾನು ಒಬ್ಬನೇ ಒಪ್ಕೊಂಡ ಮೊದಲ ಮದುವೆ, ಹುಡುಗಿ ಕಡೆಯಿಂದ. ಮಂಟಪದ ಪಕ್ಕ ಸ್ಟ್ಯಾಂಡ್ ಮೇಲೆ ಒಂದು ಫ್ಲ್ಯಾಶ್, ಕ್ಯಾಮೆರಾ ಮೇಲೆ ಟ್ರಿಗರ್. ಬೆಳಗ್ಗೆಯಿಂದ ಎಲ್ಲಾ ಚೆನ್ನಾಗಿತ್ತು. 'ಗಟ್ಟಿಮೇಳ, ಗಟ್ಟಿಮೇಳ' ಅಂತ ಪುರೋಹಿತರು ಕೂಗಿದ್ರು, ಅಕ್ಷತೆ ಹಾರಿತು, ನಾನು ಬಟನ್ ಒತ್ತಿದೆ. ಫ್ಲ್ಯಾಶ್ ಹೊಡೀಲೇ ಇಲ್ಲ. ಮತ್ತೆ ಒತ್ತಿದೆ, ಇಲ್ಲ. ಮೂರು ಗಂಟು ಬಿದ್ದಾಯ್ತು. ನನ್ನ ಕಾರ್ಡಲ್ಲಿ ಇದ್ದದ್ದು ಕತ್ತಲೆ ಫ್ರೇಮುಗಳು.

ಕೆಟ್ಟಿದ್ದು ಫ್ಲ್ಯಾಶೂ ಅಲ್ಲ, ಟ್ರಿಗರ್ರೂ ಅಲ್ಲ. ಗಂಡಿನ ಕಡೆಯ ಫೋಟೋಗ್ರಾಫರ್ ಕೂಡ ಅದೇ ಕಂಪನಿ ಟ್ರಿಗರ್ ತಂದಿದ್ರು. ಇಬ್ಬರದ್ದೂ ಚಾನೆಲ್ 1, ಇಬ್ಬರದ್ದೂ ಗ್ರೂಪ್ ಎ. ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೇ ಬಿಟ್ಟಿದ್ವಿ. ತಾಳಿ ಹೊತ್ತಲ್ಲಿ ಅವರು ಪಟಪಟ ಅಂತ ಹೊಡೆದಾಗಲೆಲ್ಲ ನನ್ನ ಫ್ಲ್ಯಾಶೂ ಹೊಡೀತಿತ್ತು. ನಾನು ಒತ್ತೋ ಹೊತ್ತಿಗೆ ಅದು ಇನ್ನೂ ಚಾರ್ಜ್ ಆಗ್ತಾ ಇತ್ತು. ಆಮೇಲೆ ಅವರೇ ಮೂರು ಒಳ್ಳೆ ಫೋಟೋ ಕೊಟ್ಟು ನನ್ನ ಮಾನ ಉಳಿಸಿದ್ರು. ಮನೆಯವರಿಗೆ ನಡೆದದ್ದನ್ನ ಮುಚ್ಚಿಡದೆ ಹೇಳಿದೆ. ಆ ಹುಡುಗಿಯ ತಾಯಿ ಏನೂ ಅನ್ನಲಿಲ್ಲ, ಸುಮ್ಮನೆ ಆಲ್ಬಂ ತಿರುವಿ ಹಾಕಿದ್ರು. ಬೈದಿದ್ರೆ ಇಷ್ಟು ನೆನಪಿರ್ತಿರಲಿಲ್ಲವೇನೋ.

ಫ್ಲ್ಯಾಶ್ ಯಾಕೆ ಕೆಳಗಿಳೀಬೇಕು?

ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರ ಮುಖಕ್ಕೆ ಹೊಡೆಯುತ್ತೆ. ಹಣೆ ಮಿಂಚುತ್ತೆ, ರೇಷ್ಮೆ ಸೀರೆಯ ನೆರಿಗೆ ಮಾಯವಾಗುತ್ತೆ, ಮುಖ ಚಪ್ಪಟೆ ಕಾಣುತ್ತೆ. ಚಾವಣಿಗೆ ತಿರುಗಿಸಿ ಹೊಡೆದ್ರೆ ಆಗಲ್ವಾ ಅಂತ ಕೇಳ್ತೀರಿ. ಬಿಳಿ ಚಾವಣಿ ಇದ್ರೆ ಆಗುತ್ತೆ. ಆದ್ರೆ ನಮ್ಮೂರ ಶಾಮಿಯಾನದ ಬಟ್ಟೆ ಕೆಂಪು, ಹಳದಿ. ಬೆಳಕು ಆ ಬಣ್ಣ ಹೊತ್ಕೊಂಡೇ ಕೆಳಗೆ ಬರುತ್ತೆ, ಮದುಮಗಳ ಮುಖ ಕೆಂಪಾಗುತ್ತೆ. ಅದೇ ಫ್ಲ್ಯಾಶನ್ನ ಒಂದು ಪಕ್ಕಕ್ಕೆ, ಸುಮಾರು 45 ಡಿಗ್ರಿ ಕೋನದಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಟ್ಟು ಬಿಳಿ ಕೊಡೆ ಹಾಕಿ ನೋಡಿ. ಮುಖಕ್ಕೆ ಆಕಾರ ಬರುತ್ತೆ.

ಅಲ್ಲಿರೋ ಫ್ಲ್ಯಾಶಿಗೆ 'ಈಗ ಹೊಡಿ' ಅಂತ ಹೇಳೋದೇ ಟ್ರಿಗರ್ ಕೆಲಸ. ಈಗಿನವು ಬಹುಪಾಲು 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ಮಾತಾಡ್ತವೆ. ವೈಫೈ, ಬ್ಲೂಟೂತ್ ಓಡೋದೂ ಅಲ್ಲೇ.

ಕೊಳ್ಳೋ ಮುಂಚೆ ನಾಲ್ಕು ವಿಷಯ

ಒಂದು, ನಿಮ್ಮ ಕ್ಯಾಮೆರಾದ ಹಾಟ್‌ಶೂ ನೋಡಿ. ನಡುವೆ ಒಂದು ದುಂಡು ಚುಕ್ಕೆ ಇರುತ್ತಲ್ಲ, ಕಡಿಮೆ ಬೆಲೆಯ ಸರಳ ಟ್ರಿಗರ್‌ಗಳು ಅದರಿಂದಲೇ ಸೂಚನೆ ತಗೊಳ್ಳೋದು. ಕ್ಯಾನನ್‌ನ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳಲ್ಲಿ ಆ ನಡುವಿನ ಚುಕ್ಕೆನೇ ಇಲ್ಲ! ನಮ್ಮ ಹುಡುಗರ ಕೈಯಲ್ಲಿ ಹೆಚ್ಚು ಇರೋದೂ ಇಂಥವೇ. ಒಂದೇ ಪಿನ್ನಿನ ಟ್ರಿಗರ್ ಇದರ ಮೇಲೆ ಕೆಲಸ ಮಾಡಲ್ಲ. ಕ್ಯಾನನ್‌ಗೆ ಅಂತಲೇ ಮಾಡಿದ, ನಿಮ್ಮ ಮಾಡೆಲ್‌ಗೆ ಹೊಂದುತ್ತೆ ಅಂತ ಬರೆದಿರೋ ಟ್ರಿಗರ್ ಬೇಕು. ಅಂಗಡಿಗೆ ಕ್ಯಾಮೆರಾ ತಗೊಂಡು ಹೋಗಿ, ಹಾಕಿ, ಹೊಡೆದು ನೋಡಿ, ಆಮೇಲೆ ದುಡ್ಡು ಕೊಡಿ.

ಎರಡು, ಒಂದೇ ಮನೆತನದ್ದು ತಗೊಳ್ಳಿ. ಒಂದು ಕಂಪನಿ ಟ್ರಿಗರ್ ಇನ್ನೊಂದು ಕಂಪನಿ ಫ್ಲ್ಯಾಶ್ ಜೊತೆ ಸಾಮಾನ್ಯವಾಗಿ ಮಾತಾಡಲ್ಲ. ಉದಾಹರಣೆಗೆ ಗೋಡಾಕ್ಸ್‌ನ ಟಿಟಿ600 ಫ್ಲ್ಯಾಶ್ ಒಳಗೇ ರಿಸೀವರ್ ಇದೆ, ಬೇರೆ ಕೊಳ್ಳೋ ಹಾಗಿಲ್ಲ. ಎಕ್ಸ್2ಟಿ ಟ್ರಿಗರ್ ತಗೊಂಡ್ರೆ ಹೆಸರಿನ ಕೊನೆಯ ಅಕ್ಷರ ನೋಡಿ: ಕ್ಯಾನನ್‌ಗೆ ಸಿ, ನಿಕಾನ್‌ಗೆ ಎನ್, ಸೋನಿಗೆ ಎಸ್. ನಾಳೆ ಕ್ಯಾಮೆರಾ ಬದಲಾಯಿಸಿದ್ರೆ ಟ್ರಿಗರ್ ಮಾತ್ರ ಬದಲಾಯಿಸಿದ್ರೆ ಸಾಕು, ಸ್ಟ್ಯಾಂಡ್ ಮೇಲಿನ ಫ್ಲ್ಯಾಶ್ ಅದೇ ಇರ್ಲಿ.

ಮೂರು, ಟಿಟಿಎಲ್ ಬೇಕಾ? ಟಿಟಿಎಲ್ ಅಂದ್ರೆ ಕ್ಯಾಮೆರಾನೇ ಅಳೆದು ಬೆಳಕಿನ ಪ್ರಮಾಣ ತೀರ್ಮಾನಿಸೋದು. ಓಡಾಡ್ತಾ ಹೊಡೆಯೋರಿಗೆ ಉಪಯೋಗ. ಕಲಿಯೋರಿಗೆ ಮ್ಯಾನುಯಲ್ಲೇ ಒಳ್ಳೇದು ಅಂತೀನಿ, ಅಗ್ಗವೂ ಹೌದು. ಜನ ಕೂತಲ್ಲೇ ಕೂತಿದ್ರೆ ಒಮ್ಮೆ ಹೊಂದಿಸಿದ ಬೆಳಕು ಪ್ರತಿ ಫ್ರೇಮಲ್ಲೂ ಅಷ್ಟೇ ಇರುತ್ತೆ.

ನಾಲ್ಕು, ಆಪ್ಟಿಕಲ್ ಸ್ಲೇವ್ ನಂಬಿ ಕೂರಬೇಡಿ. ಬೇರೆ ಫ್ಲ್ಯಾಶ್ ನೋಡಿ ತಾನೂ ಹೊಡೆಯೋ ವ್ಯವಸ್ಥೆ ಅದು. ಮನೇಲಿ ಕಲಿಯೋಕೆ ಸಾಕು. ಮದುವೆ ಮನೇಲಿ ಯಾರ ಫ್ಲ್ಯಾಶ್ ಹೊಡೆದ್ರೂ ನಿಮ್ಮದೂ ಹೊಡೆಯುತ್ತೆ. ಬಿಸಿಲಲ್ಲಿ ಅದಕ್ಕೆ ಕಣ್ಣೇ ಕಾಣಲ್ಲ.

15 ಸಾವಿರ ಇದ್ರೆ?

ನಾನು ಶುರು ಮಾಡಿದ್ದು ಸುಮಾರು 15 ಸಾವಿರದಲ್ಲಿ: ಒಂದು ಮ್ಯಾನುಯಲ್ ಫ್ಲ್ಯಾಶ್, ಒಂದು ಟ್ರಿಗರ್, ಒಂದು ಸ್ಟ್ಯಾಂಡ್, ಬ್ರಾಕೆಟ್, ಬೆಳಕು ಒಳಗಿಂದ ಹಾಯೋ ಬಿಳಿ ಕೊಡೆ. ಎರಡನೇ ಫ್ಲ್ಯಾಶ್‌ಗೆ ಅವಸರ ಬೇಡ. ಮೊದಲು ಒಳ್ಳೆ ರೀಚಾರ್ಜ್ ಸೆಲ್ ತಗೊಳ್ಳಿ. ಎನ್‌ಐಎಂಎಚ್ ಸೆಲ್ 1.2 ವೋಲ್ಟ್ ಅಂತ ಬರೆದಿದ್ರೂ ಮಾಮೂಲಿ 1.5 ವೋಲ್ಟ್ ಸೆಲ್ಲಿಗಿಂತ ಬೇಗ ಫ್ಲ್ಯಾಶನ್ನ ತುಂಬಿಸುತ್ತೆ. ಎರಡು ಸೆಟ್ ಇರ್ಲಿ, ಒಂದು ಸೆಟ್‌ನ ಸೆಲ್ಲುಗಳನ್ನ ಇನ್ನೊಂದರ ಜೊತೆ ಬೆರೆಸಬೇಡಿ.

ಫೋನಲ್ಲೇ ಫೋಟೋ ತೆಗೆಯೋರಿಗೆ ಒಂದು ಮಾತು. ಈ ಟ್ರಿಗರ್‌ಗಳು ಹಾಟ್‌ಶೂ ಇರೋ ಕ್ಯಾಮೆರಾಗೆ ಮಾಡಿದವು. ಫೋನಿಗೆ ನಿರಂತರ ಉರಿಯೋ ಎಲ್‌ಇಡಿ ಲೈಟೇ ಸುಲಭ. ಆದ್ರೆ ಅದನ್ನ ಎಲ್ಲಿ ಇಡಬೇಕು ಅನ್ನೋ ಪಾಠ ಇದೇ.

ಮರೀಬಾರದ ಲೆಕ್ಕ

ಫ್ಲ್ಯಾಶ್ 2 ಮೀಟರ್ ದೂರದಿಂದ 4 ಮೀಟರ್‌ಗೆ ಹೋದ್ರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ. ಅದಕ್ಕೇ ಪವರ್ ಏರಿಸೋ ಮುಂಚೆ ಸ್ಟ್ಯಾಂಡ್ ಹತ್ತಿರ ತನ್ನಿ. ಪೂರ್ತಿ ಪವರ್‌ನಲ್ಲಿ ಒಮ್ಮೆ ಹೊಡೆದ್ರೆ ಮತ್ತೆ ತುಂಬೋಕೆ ಎರಡು ಮೂರು ಸೆಕೆಂಡ್ ಬೇಕು. 1/8ಕ್ಕೆ ಇಳಿಸಿದ್ರೆ ಹೆಚ್ಚು ಕಡಿಮೆ ಕಾಯೋ ಹಾಗೇ ಇಲ್ಲ. ಮಾಂಗಲ್ಯ ಧಾರಣೆಗೆ ಕಾಯೋ ಪುರುಸೊತ್ತು ಯಾರಿಗಿದೆ?

ಶಟರ್ 1/200ರ ಆಸುಪಾಸಲ್ಲೇ ಇರ್ಲಿ. ಬಹಳ ಕ್ಯಾಮೆರಾಗಳಿಗೆ ಅಷ್ಟೇ ಮಿತಿ. ದಾಟಿದ್ರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತೆ. ಹೈಸ್ಪೀಡ್ ಸಿಂಕ್ ಹಾಕಿದ್ರೆ ದಾಟಬಹುದು, ಆದ್ರೆ ಬೆಳಕಿನ ಬಲ ಬಹಳ ಕುಗ್ಗುತ್ತೆ.

ಊರಿಗೆ ತಕ್ಕ ಎಚ್ಚರ

ಅಜ್ಜಂಪುರ ಕಡೆ ಬಯಲು ಗಾಳಿ. ಕೊಡೆ ಅಂದ್ರೆ ಗಾಳಿಗೆ ಹಾಯಿ ಇದ್ದಂಗೆ, ಸ್ಟ್ಯಾಂಡ್ ಸಮೇತ ಮಗುಚುತ್ತೆ. ಚೀಲಕ್ಕೆ ಕಲ್ಲು ತುಂಬಿ ಬುಡಕ್ಕೆ ಕಟ್ಟಿ. ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರ, ಮಂಜು ಮಳೆ ಯಾವಾಗ ಬರುತ್ತೋ ಗೊತ್ತಾಗಲ್ಲ. ಫ್ಲ್ಯಾಶ್ ಒಳಗೆ ನೂರಾರು ವೋಲ್ಟ್ ಇರುತ್ತೆ. ನೆನೆದ್ರೆ ಹೊಡೆಯೋಕೂ ಹೋಗಬೇಡಿ, ಬಿಚ್ಚೋಕೂ ಹೋಗಬೇಡಿ. ಅಮೃತಾಪುರದ ಅಮೃತೇಶ್ವರ ದೇವಸ್ಥಾನ 1196ರ ಹೊಯ್ಸಳ ಕಟ್ಟಡ, ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಪ್ರಿವೆಡ್ಡಿಂಗ್ ಅಂತ ಸ್ಟ್ಯಾಂಡ್ ಹೊತ್ಕೊಂಡು ಹೋಗೋ ಮುಂಚೆ ಅನುಮತಿ ಕೇಳಿ.

ಕೊನೆಗೆ ಮತ್ತೆ ಆ ಮಂಟಪಕ್ಕೇ ಬರ್ತೀನಿ. ಈಗ ನಾನು ಹಾಲ್‌ಗೆ ಹೋದ ತಕ್ಷಣ ಮಾಡೋ ಮೊದಲ ಕೆಲಸ, ಆ ಕಡೆಯ ಫೋಟೋಗ್ರಾಫರ್ ಹತ್ತಿರ ಹೋಗಿ 'ಅಣ್ಣಾ, ನಿಮ್ಮದು ಯಾವ ಚಾನೆಲ್?' ಅಂತ ಕೇಳೋದು. ಅವರು 1 ಅಂದ್ರೆ ನಾನು 17. ಫ್ಲ್ಯಾಶ್‌ನಲ್ಲೂ ಟ್ರಿಗರ್‌ನಲ್ಲೂ ಅದೇ ನಂಬರ್ ಹಾಕಿ, ಮುಹೂರ್ತಕ್ಕೆ ಹತ್ತು ನಿಮಿಷ ಮುಂಚೆ ಹೊಸ ಸೆಲ್ ಹಾಕಿ, ಎರಡು ಸಲ ಹೊಡೆದು ನೋಡ್ತೀನಿ.

ಟ್ರಿಗರ್ ಯಾವುದೇ ಇರ್ಲಿ, ಆ ಮಾತು ಕೇಳೋಕೆ ದುಡ್ಡು ಬೇಕಾಗಿಲ್ಲ.