ಕಲಾನಗರ: ಗೊಂಬೆಯ ಕಸುಬಿಗೊಂದು ಸೂರು

ಹೊಸ ಬಡಾವಣೆಗಳಿಗೆ ಚೆಂದದ ಹೆಸರಿಡುವುದು ಈಗ ಎಲ್ಲೆಡೆ ರೂಢಿ. ಆದರೆ ಊರಿನ ಕಲೆಗಾಗಿಯೇ ಕಟ್ಟಿದ, ಆ ಕಲೆಯನ್ನೇ ನಂಬಿದವರು ವಾಸಿಸುವ ಬಡಾವಣೆಯನ್ನು ನೀವು ನೋಡಿದ್ದೀರಾ? ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು 60 ಕಿ.ಮೀ. ಸಾಗಿದರೆ ಸಿಗುವ ಚನ್ನಪಟ್ಟಣದಲ್ಲಿ ಅಂಥದ್ದೊಂದಿದೆ. ಅದರ ಹೆಸರು ಕಲಾನಗರ.

ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಈ ವಿದ್ಯೆ ಕಲಿಸಿದರೆಂಬುದು ಊರಿನಲ್ಲಿ ನಡೆದುಬಂದ ಮಾತು. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ತಯಾರಿಕಾ ಕ್ರಮವನ್ನು ಇಲ್ಲಿಗೆ ತಂದು ಕಸುಬಿಗೆ ಹೊಸ ಜೀವ ತುಂಬಿದರು. ಇಂದಿಗೂ ಇಲ್ಲಿನ ಕುಶಲಕರ್ಮಿಗಳಲ್ಲಿ ಮುಸ್ಲಿಮ್ ಕುಟುಂಬಗಳು ಬಹಳಷ್ಟಿವೆ.

ಗೊಂಬೆ ತಯಾರಾಗುವ ಬಗೆ ಸ್ವಾರಸ್ಯಕರ. ಒಣಗಿಸಿದ ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ತಿರುಗುತ್ತಿರುವಾಗ ಉಳಿಯಿಂದ ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಕೇದಿಗೆಯ ಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಬುಗುರಿ, ಗಿಲಕಿ, ಆಟದ ಬಂಡಿ ಎಲ್ಲವೂ ಹೀಗೆಯೇ ಸಿದ್ಧವಾಗುತ್ತವೆ.

ಇಷ್ಟೆಲ್ಲ ಕೌಶಲವಿದ್ದರೂ ಕುಶಲಕರ್ಮಿಗೆ ಸ್ವಂತ ಸೂರಿಲ್ಲದಿದ್ದರೆ ಕಸುಬು ಉಳಿಯುವುದು ಹೇಗೆ? ಬಾಡಿಗೆಯ ಇಕ್ಕಟ್ಟಿನ ಕೋಣೆಯಲ್ಲಿ ಲೇತ್ ಇಡಲು ಜಾಗವಿರದು, ಮರ ಒಣಗಿಸಲು ಅಂಗಳವಿರದು. ಇದನ್ನು ಮನಗಂಡು ರಾಜ್ಯ ಸರ್ಕಾರದ 'ವಿಶ್ವ' ಯೋಜನೆಯಡಿ, ಡಚ್ ಸರ್ಕಾರದ ನೆರವಿನೊಂದಿಗೆ ಕಲಾನಗರವನ್ನು ರೂಪಿಸಲಾಯಿತು. ವಾಸದ ಮನೆ, ಅದಕ್ಕೆ ಹೊಂದಿಕೊಂಡೇ ಕೆಲಸದ ಜಾಗ, ಇದು ಅದರ ವಿಶೇಷ.

ಈ ಏರ್ಪಾಡಿನ ಬೆಲೆ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಮಕ್ಕಳನ್ನು ಬಿಟ್ಟು ದೂರ ಹೋಗಲಾಗದವಳೂ ಮನೆಯ ಬದಿಯಲ್ಲೇ ಕುಳಿತು ಬಣ್ಣ ಹಾಕಿ, ಬಿಡಿ ಭಾಗಗಳನ್ನು ಜೋಡಿಸಿ ನಾಲ್ಕು ಕಾಸು ಸಂಪಾದಿಸಬಹುದು. ಹಾಗೆಂದು ಎಲ್ಲವೂ ಸುಖವೆಂದಲ್ಲ. ಮನೆಯ ಪಕ್ಕದಲ್ಲೇ ಲೇತ್ ತಿರುಗಿದರೆ ಮರದ ಹುಡಿ ಮಕ್ಕಳ ಉಸಿರಿಗೂ ಸೇರುತ್ತದೆ. ಗಾಳಿ ಬೆಳಕಿನ ವ್ಯವಸ್ಥೆ, ಮೂಗಿಗೆ ಬಟ್ಟೆ, ಇವು ಇಲ್ಲಿ ಅನಗತ್ಯ ಖರ್ಚಲ್ಲ.

ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಬಂದ ಮೇಲೆ ಈ ಕಸುಬಿಗೆ ದೊಡ್ಡ ಪೆಟ್ಟು ಬಿತ್ತು. 2006ರಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಗುರುತು ದೊರೆತರೂ, ಗುರುತಿನ ಚೀಟಿಯೊಂದೇ ಹೊಟ್ಟೆ ತುಂಬಿಸದು. ದುಡಿಮೆಗೆ ತಕ್ಕ ಕೂಲಿ ಸಿಗದಿದ್ದರೆ ಮಕ್ಕಳು ಬೇರೆ ಕೆಲಸ ಹುಡುಕುವುದು ಸಹಜ. ಆಗ ಕಲಾನಗರದಲ್ಲಿ ಉಳಿಯುವುದು ಹೆಸರು ಮಾತ್ರ.

ಸಹೋದರಿಯರೇ, ಮಗುವಿಗೆ ಆಟಿಕೆ ಕೊಳ್ಳುವಾಗ ಇದನ್ನು ನೆನಪಿಡಿ. ಸಾಧ್ಯವಾದರೆ ತಯಾರಿಸಿದವರಿಂದಲೇ ಕೊಳ್ಳಿರಿ. ಬಳಸಿದ ಬಣ್ಣ ಯಾವುದೆಂದು ಕೇಳಿರಿ. ತೀರಾ ಎಳೆಯ ಮಕ್ಕಳಿಗೆ ಸಣ್ಣ ಬಿಡಿ ಭಾಗಗಳಿರುವುದನ್ನು ಕೊಡಬೇಡಿ. ಕೊಳೆಯಾದರೆ ನೀರಿನಲ್ಲಿ ನೆನೆಹಾಕದೆ ಬಟ್ಟೆಯಿಂದ ಒರೆಸಿರಿ. ಮುಖ್ಯವಾಗಿ, ಕೈಕೆಲಸದವರೊಡನೆ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುವ ಮುನ್ನ ಒಮ್ಮೆ ಯೋಚಿಸಿರಿ. ಸರ್ಕಾರ ಮನೆ ಕಟ್ಟಿಕೊಡಬಹುದು, ಆ ಮನೆಯ ಒಲೆ ಉರಿಯಬೇಕಾದರೆ ಕೊಳ್ಳುವವರು ಬೇಕು.